ಆಧಾರ ಅಡವಿಟ್ಟು ಜರ್ಮನಿಗೆ: ಸರಕಾರಿ ಬ್ಯಾಂಕಿನ ವಿದ್ಯಾಭ್ಯಾಸ ಸಾಲ ನಮಗೆ ಹೇಗಾಯಿತು

ಸಾಲ ಒಳ್ಳೆಯದು, ತೆಗೆದುಕೊಳ್ಳಬಹುದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಬಡ್ಡಿಯ ಬಗ್ಗೆ ನನಗೆ ದೂರಿಲ್ಲ. ಕಾಸರಗೋಡಿನ ಕನ್ನಡದವರ ಜಾಗದ ಕಾಗದ, ಅಂದರೆ ನಾವು ಆಧಾರ ಎನ್ನುವುದನ್ನು, ಓದಬಲ್ಲವರು ಬ್ಯಾಂಕಿನ ಆ ತುದಿಯಿಂದ ಈ ತುದಿಯವರೆಗೆ ಒಬ್ಬರೂ ಇಲ್ಲದಿದ್ದದ್ದಕ್ಕೆ ಒಂದು ಅಂಕ ಕಳೆದಿದ್ದೇನೆ. ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ಆಲೋಚನೆ ಇರುವ ನಮ್ಮ ಕಡೆಯವರು ಪ್ರವೇಶ ಪತ್ರ ಬರುವ ಮೊದಲೇ ಇದನ್ನು ಓದಬೇಕು ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ನಮಗೆ ಪತ್ರ ಬಂದದ್ದು 2025ರ ಮೇ 14ಕ್ಕೆ. ಹಣ ಹೋದದ್ದು ಜುಲೈ 22ಕ್ಕೆ. ಆ ಹತ್ತು ವಾರಗಳಲ್ಲಿ ಹೆಚ್ಚಿನದೆಲ್ಲ ಒಂದು ಪಾಲುಪಟ್ಟಿಯ, ಅಂದರೆ ಅಣ್ಣತಮ್ಮಂದಿರು ಜಾಗ ಹಂಚಿಕೊಂಡ ಪತ್ರದ, ಹಿಂದೆಯೇ ಕಳೆಯಿತು.

ನಮ್ಮದು ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಒಳಗೆ ಸಿಗುವ ಊರು. ಎರಡು ಎಕ್ರೆ ಅಡಿಕೆ, ಸ್ವಲ್ಪ ಕರಿಮೆಣಸು. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮಗಳು ಹತ್ತರವರೆಗೆ ಊರಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಮಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಜರ್ಮನಿಯ ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಮಾಸ್ಟರ್ಸ್‌ಗೆ ಸೀಟು ಪಡೆದಳು.

ಅಲ್ಲಿ ಫೀಸಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೆಚ್ಚಿನ ರಾಜ್ಯಗಳ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಅದು ನಿಜ. ಸೆಮಿಸ್ಟರಿಗೆ ಒಂದು ಸಣ್ಣ ಮೊತ್ತ ಕಟ್ಟಿದರೆ ಸಾಕು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಫೀಸು ತೆಗೆದುಕೊಳ್ಳುತ್ತಿದೆ. ಆದರೆ ಫೀಸಿಲ್ಲ ಎಂದ ಮಾತ್ರಕ್ಕೆ ಕೈಯಲ್ಲಿ ಹಣ ಬೇಡ ಎಂದಲ್ಲ. ವೀಸಾ ಸಿಗಬೇಕಾದರೆ ಒಂದು ವರ್ಷದ ಊಟ ಬಾಡಿಗೆಯ ಹಣವನ್ನು ಮೊದಲೇ ಅಲ್ಲಿಯ ಬ್ಲಾಕ್ಡ್ ಅಕೌಂಟಿನಲ್ಲಿ ಹಾಕಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಮಗು ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗೆ 992 ಯೂರೋದಂತೆ ಅವಳ ಕೈಗೆ ಸಿಗುತ್ತದೆ, ಅದಕ್ಕಿಂತ ಹೆಚ್ಚು ಒಮ್ಮೆಗೆ ತೆಗೆಯಲಾಗದು. ನಮ್ಮ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ 12 ಲಕ್ಷ. ಒಂದು ವರ್ಷದ ಅಡಿಕೆ ಮಾರಿದರೂ ಅಷ್ಟು ಹಣ ನಾನು ಒಟ್ಟಿಗೆ ನೋಡಿದವನಲ್ಲ.

ಮೊದಲು ಹೋದದ್ದು ಮಂಗಳೂರಿಗೆ. ಅಲ್ಲಿ ಒಂದು ಕನ್ಸಲ್ಟೆನ್ಸಿಯವರು ಬಹಳ ಮರ್ಯಾದೆಯಿಂದ ಕೂರಿಸಿ ಎರಡು ದಾರಿ ಹೇಳಿದರು. ಒಂದು, ಖಾಸಗಿ ಫೈನಾನ್ಸ್ ಕಂಪೆನಿಯ ಸಾಲ. ಜಾಗದ ಕಾಗದವೇ ಬೇಡ, ಹತ್ತು ದಿನದಲ್ಲಿ ಹಣ. ಬಡ್ಡಿ ಶೇ. 12.75, ಅದರ ಮೇಲೆ ಪ್ರೊಸೆಸಿಂಗ್ ಫೀಸು, ಬಡ್ಡಿಯ ಒಂದು ಭಾಗ ಮುಂದಿನ ತಿಂಗಳಿಂದಲೇ ಕಟ್ಟಬೇಕು. ಎರಡನೆಯದನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು: ವೀಸಾ ಆಗುವವರೆಗೆ ಮಾತ್ರ ಹಣ ಹಾಕಿಸಿ ಆಮೇಲೆ ಹಿಂದೆ ತೆಗೆಯುವ ಏರ್ಪಾಡು ಮಾಡಬಹುದು, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. ನಾನು ಎದ್ದು ಬಂದೆ. ಆ ಹಣ ತೆಗೆದ ಮೇಲೆ ಮಗು ಆ ಚಳಿಯ ಊರಲ್ಲಿ ಎಂತ ತಿನ್ನುವುದು? ಇಲ್ಲದ ಹಣ ತೋರಿಸಿದ್ದು ಗೊತ್ತಾದರೆ ವೀಸಾ ಹೋಗುವುದು ಅವಳದ್ದು, ಆ ಕಚೇರಿಯವರದ್ದಲ್ಲ. ಈ ಎರಡನೇ ದಾರಿಗೆ ಯಾರೂ ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಅದೇ ದಿನ ಮಂಗಳೂರಿನ ಒಂದು ಸರಕಾರಿ ಬ್ಯಾಂಕಿಗೂ ಹೋದೆವು. ಮಗಳು ಓದಿದ್ದು ಅಲ್ಲಿ, ಅವಳ ಖಾತೆ ಅಲ್ಲಿ, ಅಲ್ಲಿನವರು ಮಾತಾಡುವುದು ಕನ್ನಡ ತುಳು. ಆದರೆ ಜಾಗ ತಲಪಾಡಿಯಿಂದ ಈಚೆಗೆ, ಕೇರಳದಲ್ಲಿ. ಅವರ ವಕೀಲರ ಪಟ್ಟಿಯಲ್ಲಿ ಕೇರಳದ ದಾಖಲೆ ನೋಡುವವರಿಲ್ಲವಂತೆ. ನಿಮ್ಮ ಊರಿನ ಶಾಖೆಗೇ ಹೋಗಿ ಎಂದರು. ಮಗಳು ನಾಲ್ಕು ವರ್ಷ ದಿನಾ ಬಸ್ಸಿನಲ್ಲಿ ದಾಟಿದ ಗಡಿ ಅದು. ಜಾಗದ ಕಾಗದಕ್ಕೆ ಆ ಬಸ್ಸಿನಲ್ಲಿ ಸೀಟಿಲ್ಲ.

ಹಾಗಾಗಿ ನಮ್ಮ ಊರಿನ ಶಾಖೆ. ಅಲ್ಲಿ ಹೇಳಿದ್ದು ಬಹಳ ಸ್ಪಷ್ಟ. 4 ಲಕ್ಷದವರೆಗೆ ಯಾವ ಈಡೂ ಬೇಡ. ಏಳೂವರೆ ಲಕ್ಷದಿಂದ ಮೇಲೆ ಹೋದರೆ ಜಾಗವೋ ಠೇವಣಿಯೋ ಅಡವು ಬೇಕು. ಒಟ್ಟು ಖರ್ಚಿನ ನೂರಕ್ಕೆ ಹದಿನೈದು ಪಾಲು ನಾವೇ ಹಾಕಬೇಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆಮೇಲೆ 15 ವರ್ಷದವರೆಗೆ ಸಮಯ. ಹೆಣ್ಣುಮಗು ಎಂದು ಬಡ್ಡಿಯಲ್ಲಿ ಅರ್ಧ ಶೇಕಡಾ ಕಡಿಮೆ. ಸಾಲದ ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೆ (ಅದು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಕಟ್ಟಿದ್ದು. ನಾವು ಅರ್ಜಿ ಕೊಟ್ಟಾಗ ಶೇ. 10.25 ಎಂದಿದ್ದರು, ಜೂನ್ 6ಕ್ಕೆ ರೆಪೋ ಅರ್ಧ ಶೇಕಡಾ ಇಳಿದು 5.50 ಆದ್ದರಿಂದ ಮಂಜೂರಾಗುವಾಗ 9.75 ಆಯಿತು. (ಕೇಂದ್ರ ಸರಕಾರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಬಡ್ಡಿ ರಿಯಾಯಿತಿ ಉಂಟಲ್ಲ ಎಂದು ನೆರೆಕರೆಯವರು ಹಲವರು ಕೇಳಿದರು. ಅದು ಭಾರತದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ.)

ಜಾಗದ ವಿಷಯಕ್ಕೆ ಬಂದಾಗ ನನಗೆ ಮೊದಲ ಪೆಟ್ಟು. ತೋಟ ಬೇಡ ಎಂದರು! ಎರಡು ಎಕ್ರೆ ಫಲ ಬರುವ ಅಡಿಕೆ ತೋಟ, ನಮ್ಮ ಜೀವಮಾನದ ದುಡಿಮೆ, ಬ್ಯಾಂಕಿಗೆ ಬೇಡ. ಕಾರಣವನ್ನು ಶಾಖೆಯ ಆಫೀಸರ್ ಮೇಡಂ ತಾಳ್ಮೆಯಿಂದ ವಿವರಿಸಿದರು. ಸಾಲ ಬಾಕಿಯಾದರೆ ಕೋರ್ಟಿಗೆ ಹೋಗದೆ ಈಡನ್ನು ವಶಮಾಡಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಅವರಿಗೆ ಬೇಕಾದದ್ದು ಮನೆ ಮತ್ತು ಮನೆಯಡಿ. ನಮ್ಮ ಅದೃಷ್ಟಕ್ಕೆ ಮನೆ ಇರುವ 24 ಸೆಂಟ್ಸಿಗೆ ಬೇರೆಯೇ ತೀರ್ವೆ ರಶೀದಿ ಇತ್ತು, ಅದರಲ್ಲಿ ಗದ್ದೆ ಎಂದು ಇರಲಿಲ್ಲ. ನೆರೆಮನೆಯವರ ಮನೆಯಡಿ ಮೂವತ್ತು ವರ್ಷದ ಹಿಂದೆ ಗದ್ದೆಯಾಗಿದ್ದದ್ದು, ದಾಖಲೆಯಲ್ಲಿ ಇನ್ನೂ ಗದ್ದೆಯೇ. 2008ರ ಕೇರಳದ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬದಲಿಸಲು ಆರ್‌ಡಿಓ (ಕಂದಾಯ ಉಪವಿಭಾಗದ ಅಧಿಕಾರಿ) ಕಚೇರಿಗೆ ಅಲೆಯಬೇಕು. ಅವರ ಹುಡುಗನಿಗೂ ಸೀಟು ಸಿಕ್ಕಿತ್ತು, ಆ ವರ್ಷ ಹೋಗಲಿಲ್ಲ. ಕುಮ್ಕಿಯಲ್ಲಿ, ಅಂದರೆ ಸ್ವಂತ ಜಾಗಕ್ಕೆ ತಾಗಿದ ಸರಕಾರಿ ಜಾಗದಲ್ಲಿ, ಮನೆ ಕಟ್ಟಿದವರ ಕಥೆ ಇನ್ನೂ ಕಷ್ಟ, ಹಕ್ಕುಪತ್ರವೇ ಇಲ್ಲದ ಜಾಗ ಬ್ಯಾಂಕಿನ ಲೆಕ್ಕಕ್ಕೇ ಬರುವುದಿಲ್ಲ.

ಆದಾಯಕ್ಕೆ ಪುರಾವೆ ಎಂದು ಇನ್‌ಕಂ ಟ್ಯಾಕ್ಸ್ ರಿಟರ್ನ್ ಕೇಳಿದರು. ಕೃಷಿಯಿಂದಲೇ ಬದುಕುವ ನಾನು ಅದನ್ನು ಹಾಕಿದವನಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊಗೆ ಅಡಿಕೆ ಹಾಕಿದ ಮೂರು ವರ್ಷದ ಬಿಲ್ಲುಗಳನ್ನು ಹೆಂಡತಿ ತಾರೀಕಿನ ಪ್ರಕಾರ ಜೋಡಿಸಿ ದಾರ ಹಾಕಿ ಹೊಲಿದು ಇಟ್ಟಿದ್ದಳು. ಅದು, ಹಣ ಜಮೆಯಾದ ಪಾಸ್‌ಬುಕ್ಕು, ವಿಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟು, ಇಷ್ಟು ಸಾಕಾಯಿತು. ಅಂಗಡಿಗೆ ಬಿಲ್ಲಿಲ್ಲದೆ ಅಡಿಕೆ ಮಾರುವವರು ಈ ಒಂದು ಕಾರಣಕ್ಕಾದರೂ ಬಿಲ್ಲು ತೆಗೆದುಕೊಳ್ಳಿ.

ಇನ್ನು ಆ ಪಾಲುಪಟ್ಟಿ.

ನಮ್ಮ ಕಡೆ ಜಾಗದ ಕ್ರಯಪತ್ರ, ಪಾಲುಪಟ್ಟಿಗಳಿಗೆಲ್ಲ ಆಧಾರ ಎಂದೇ ಹೇಳುವುದು. ನಮ್ಮದು 1998ರ ಪಾಲುಪಟ್ಟಿ, ಅಪ್ಪ ಇದ್ದಾಗಲೇ ನಾವು ನಾಲ್ವರು ಅಣ್ಣತಮ್ಮಂದಿರು ಮಾಡಿಕೊಂಡದ್ದು, ಕನ್ನಡದಲ್ಲಿ ಬರೆಸಿ ಕನ್ನಡದಲ್ಲೇ ರಿಜಿಸ್ಟ್ರಿ ಆದದ್ದು. ಅದಕ್ಕೆ ಮೂಲ ಭೂಸುಧಾರಣೆಯಲ್ಲಿ ಅಪ್ಪನಿಗೆ ಸಿಕ್ಕಿದ ಲ್ಯಾಂಡ್ ಟ್ರಿಬ್ಯೂನಲಿನ ಪಟ್ಟಯ ಎಂಬ ಹಕ್ಕುಪತ್ರ, ಅದು ಮಲಯಾಳದಲ್ಲಿ. ಟ್ರಂಕಿನೊಳಗೆ, ನುಸಿಗುಳಿಗೆಯ ವಾಸನೆಯ ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು. ತೆಗೆದಾಗ ಮಡಿಕೆಯ ಗೆರೆಗಳಲ್ಲಿ ಕಾಗದ ಹರಿಯುವಂತಾಗಿತ್ತು, ಆದರೆ ನೀಲಿ ಶಾಯಿಯ ಅಕ್ಷರ ನಿನ್ನೆ ಬರೆದಂತೆ. ಹನ್ನೊಂದು ಹಾಳೆ. ನನ್ನ ಪಾಲಿನ ಚಕ್ಕುಬಂದಿ ಆರನೇ ಹಾಳೆಯಲ್ಲಿ: ಮೂಡಲು ನಾಲ್ಕನೇ ಪಾಲಿನ ಅಡಿಕೆ ತೋಟ, ತೆಂಕಲು ನಡೆದುಹೋಗುವ ದಾರಿ, ಪಡುವಲು ತೋಡು (ಸಣ್ಣ ಹಳ್ಳ), ಬಡಗಲು ಅಗಳು.

ಬ್ಯಾಂಕಿನ ವಕೀಲರು ಮಲಯಾಳಿ, ಸಜ್ಜನರು. ಪಟ್ಟಯವನ್ನು ಐದು ನಿಮಿಷದಲ್ಲಿ ಓದಿ ಮುಗಿಸಿದರು. ಪಾಲುಪಟ್ಟಿ ಬಿಡಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿ, ನನ್ನ ಮುಖ ನೋಡಿದರು. ಕಚೇರಿಯಲ್ಲಿ ಕನ್ನಡ ಬಲ್ಲ ಗುಮಾಸ್ತರು ಇದ್ದರಂತೆ, ಹಿಂದಿನ ವರ್ಷ ನಿವೃತ್ತರಾದರಂತೆ. ವಕೀಲರು ಯಾರಿಂದಲಾದರೂ ಓದಿಸಿಕೊಂಡು ಅಭಿಪ್ರಾಯ ಬರೆದರೂ ಮೇಲಿನ ಕಚೇರಿಯ ಕಾನೂನು ವಿಭಾಗ ಒಪ್ಪುವುದಿಲ್ಲ, ಇಂಗ್ಲಿಷ್ ಅನುವಾದ ಬೇಕೇ ಬೇಕು. ನನಗೆ ಬೇಸರವಾದದ್ದು ಇಲ್ಲಿ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಆಮೇಲೂ ಇಲ್ಲಿ ಆಧಾರಗಳು ಕನ್ನಡದಲ್ಲಿ ಬರೆಯಲ್ಪಟ್ಟಿವೆ. ನಮ್ಮಲ್ಲಿ ಶಾಖೆ ತೆರೆದು, ನಮ್ಮ ಅಡಿಕೆಯ ಹಣ ಇಟ್ಟುಕೊಳ್ಳುವ ಬ್ಯಾಂಕು ಆ ಕಾಗದ ಓದುವ ಒಬ್ಬರನ್ನು ಇಟ್ಟುಕೊಳ್ಳಬೇಕು ಎಂದು ಕೇಳುವುದು ಹೆಚ್ಚಾಗಲಿಲ್ಲ.

ಅನುವಾದ ಮೊದಲು ಮಾಡಿಸಿದ್ದು ಪಟ್ಟಣದ ಒಂದು ಟೈಪಿಂಗ್ ಅಂಗಡಿಯಲ್ಲಿ, 2,500 ರೂಪಾಯಿ ಕೊಟ್ಟು. ತೋಡು ಎಂಬಲ್ಲಿ ಕೆನಾಲ್ ಎಂದು ಬರೆದರು. ಅಗಳು ಎಂಬಲ್ಲಿ ಏನೂ ಬರೆಯದೆ ಚುಕ್ಕೆ ಹಾಕಿದರು. ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು: ವಿಲೇಜ್ ಆಫೀಸಿನ ಸ್ಕೆಚ್ಚಿನಲ್ಲಿ ತೋಡು ಎಂದಿದೆ, ಆಧಾರದಲ್ಲಿ ಕೆನಾಲ್ ಎಂದಿದೆ, ಇದು ನೀರಾವರಿ ಇಲಾಖೆಯ ಕಾಲುವೆಯೇ? ಬಡಗು ದಿಕ್ಕಿನ ಗಡಿ ಏನು? ಎರಡು ವಾರ ಹೋಯಿತು ಈ ಎರಡು ಶಬ್ದಕ್ಕೆ.

ಆಗ ಅಣ್ಣ ಹೇಳಿದ್ದು, ಬದಿಯಡ್ಕದಲ್ಲಿ ಆಧಾರ ಬರೆಯುತ್ತಿದ್ದ ಹಿರಿಯರೊಬ್ಬರು ಈಗಲೂ ಬೆಳಿಗ್ಗೆ ಎರಡು ಗಂಟೆ ಕೂರುತ್ತಾರೆ ಎಂದು. ವಯಸ್ಸು ಎಂಬತ್ತರ ಹತ್ತಿರ. ಕಾಗದವನ್ನು ಮೊದಲು ಮೂಸಿ ನೋಡಿದರು. "ಇದರ ಅಕ್ಷರ ಯಾರದ್ದೆಂದು ನನಗೆ ಗೊತ್ತುಂಟು ಮಾರಾಯ್ರೆ, ನನ್ನೊಟ್ಟಿಗೆ ಕೂರುತ್ತಿದ್ದವರದ್ದು" ಎಂದರು. ಬೆರಳಿಟ್ಟು ಸಾಲು ಸಾಲು ಓದಿದರು, ನಾನು ಎದುರು ಕೂತು ಕೇಳಿದೆ. ಅಪ್ಪನ ಹೆಸರು, ನಮ್ಮ ನಾಲ್ವರ ಹೆಸರು, ಬಾವಿಯ ನೀರಿನಲ್ಲಿ ನಾಲ್ವರಿಗೂ ಸಮಪಾಲು ಎಂಬ ಮಾತು. ಇಂಗ್ಲಿಷಿನಲ್ಲಿ ತೋಡನ್ನು ತೋಡು ಎಂದೇ ಇಟ್ಟರು, ಮಲಯಾಳದಲ್ಲೂ ಅದೇ ಶಬ್ದ, ವಕೀಲರಿಗೆ ಅರ್ಥವಾಗುತ್ತದೆ ಎಂದರು. ಅಗಳಿಗೆ, ಮಣ್ಣಿನ ದರೆ ಇರುವ ಗಡಿಯ ಕಂದಕ ಎಂದು ಬಿಡಿಸಿ ಬರೆದರು. ಮೂರು ದಿನ ತೆಗೆದುಕೊಂಡರು. 600 ರೂಪಾಯಿ ಕೇಳಿದರು. ಒತ್ತಾಯ ಮಾಡಿ ಸಾವಿರ ಕೊಟ್ಟೆ. ನೋಟರಿಯ ಮುದ್ರೆ ಹಾಕಿಸಿ ಕಳಿಸಿದ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ. ಅವರ ನಂತರ ಈ ಕೆಲಸ ಯಾರು ಮಾಡುತ್ತಾರೆ ಎಂಬುದು ನನ್ನನ್ನು ಆ ದಿನದಿಂದ ಕಾಡುತ್ತಿದೆ.

ಹೆಸರಿನ ತೊಡಕು ಎಲ್ಲರಿಗೂ ಇರುವಂಥದ್ದು. ಆಧಾರದಲ್ಲಿ ನನ್ನ ಹೆಸರು ಮನೆಹೆಸರಿನ ಜೊತೆಗೆ, ಆಧಾರ್ ಕಾರ್ಡಿನಲ್ಲಿ ಅಪ್ಪನ ಇನಿಶಿಯಲ್ ಜೊತೆಗೆ. ಕೇರಳ ಸರಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರೆ ವಿಲೇಜ್ ಆಫೀಸಿನಿಂದ ಇಬ್ಬರೂ ಒಬ್ಬರೇ ಎಂಬ ಸರ್ಟಿಫಿಕೇಟು ಸಿಗುತ್ತದೆ. ಮೊದಲೇ ಮಾಡಿಸಿಡಿ. ಪೊಸೆಶನ್ ಸರ್ಟಿಫಿಕೇಟು, ಲೊಕೇಶನ್ ಸ್ಕೆಚ್ಚು, 30 ವರ್ಷದ ಇ.ಸಿ. (ಜಾಗದ ಮೇಲಿನ ಋಣಭಾರ ತೋರಿಸುವ ಪತ್ರ) ಸಹ ಹಾಗೆಯೇ.

ಸಾಲ ಜುಲೈ 4ಕ್ಕೆ ಮಂಜೂರಾಯಿತು, 18 ಲಕ್ಷ. ಸಂತೋಷದಲ್ಲಿ ಸಹಿ ಹಾಕಲು ಹೊರಟವನನ್ನು ಮಗಳು ತಡೆದಳು. "ಅಪ್ಪ, ಏಳನೇ ಷರತ್ತು ಓದಿ." ವೀಸಾದ ಪ್ರತಿ ಕೊಟ್ಟ ಮೇಲೆ ಮಾತ್ರ ಹಣ ಬಿಡುಗಡೆ ಎಂದಿತ್ತು. ಬ್ಲಾಕ್ಡ್ ಅಕೌಂಟಿನಲ್ಲಿ ಹಣ ಬಿದ್ದ ಪತ್ರವಿಲ್ಲದೆ ವೀಸಾ ಅರ್ಜಿ ಹಾಕುವ ಹಾಗಿಲ್ಲ. ವೀಸಾ ಇಲ್ಲದೆ ಬ್ಯಾಂಕು ಹಣ ಬಿಡುವುದಿಲ್ಲ. ಮೊದಲು ಫೀಸು ಕೇಳುವ ದೇಶಗಳಿಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ಬರೆದ ಷರತ್ತು ಇರಬೇಕು. ಆಫೀಸರ್ ಮೇಡಂ ಇದನ್ನು ಕೂಡಲೇ ಅರ್ಥಮಾಡಿಕೊಂಡರು. ಮಗಳು ಜರ್ಮನ್ ಕಾನ್ಸುಲೇಟಿನ ದಾಖಲೆಪಟ್ಟಿ ಮುದ್ರಿಸಿ ಕೊಟ್ಟಳು, ವೀಸಾ ಸಿಗದಿದ್ದರೆ ಬ್ಲಾಕ್ಡ್ ಅಕೌಂಟಿನ ಹಣ ನೇರ ಸಾಲದ ಖಾತೆಗೇ ಮರಳಿಸುತ್ತೇವೆ ಎಂದು ನಾವು ಮೂವರೂ ಮುಚ್ಚಳಿಕೆ ಬರೆದುಕೊಟ್ಟೆವು. ಮೇಲಿನ ಕಚೇರಿಯಿಂದ ತಿದ್ದಿದ ಮಂಜೂರಾತಿ ಪತ್ರ ಬರಲು ಇನ್ನೂ ಹನ್ನೆರಡು ದಿನ. ಜರ್ಮನಿಗೆ ಹೋಗುವವರು ಅರ್ಜಿ ಕೊಡುವ ದಿನವೇ ಈ ಮಾತು ಎತ್ತಬೇಕು, ಮಂಜೂರಾದ ಮೇಲೆ ಅಲ್ಲ.

ಹಣ ಕಳಿಸಿದ ದಿನ ಬ್ಯಾಂಕಿನ ದರ ಯೂರೋಗೆ 101 ರೂಪಾಯಿ. 11,904 ಯೂರೋಗೆ 12,02,304 ರೂಪಾಯಿ. ಅದರಲ್ಲಿ 10 ಲಕ್ಷ 22 ಸಾವಿರದಷ್ಟು ಬ್ಯಾಂಕಿನದ್ದು, ಉಳಿದ 1 ಲಕ್ಷ 80 ಸಾವಿರ ನಮ್ಮದು. ಹಿಂದಿನ ವಾರ ಕರಿಮೆಣಸು ಕೊಟ್ಟು, ಹೆಂಡತಿಯ ಚೀಟಿಯ ಹಣ ಸೇರಿಸಿ ಹಾಕಿದ್ದು. ಹೊರದೇಶಕ್ಕೆ ಹಣ ಕಳಿಸಿದರೆ ಟ್ಯಾಕ್ಸ್ ಹಿಡಿಯುತ್ತಾರೆ ಎಂದು ಹೆದರಿಸಿದವರಿದ್ದರು. 2025ರ ಎಪ್ರಿಲ್ 1ರಿಂದ ಬ್ಯಾಂಕಿನ ವಿದ್ಯಾಭ್ಯಾಸ ಸಾಲದಿಂದ ಹೋಗುವ ಹಣಕ್ಕೆ ಟಿಸಿಎಸ್ ಎಂಬ ಆ ಟ್ಯಾಕ್ಸ್ ಇಲ್ಲ, ಕೈಯ ಹಣವಾದರೂ ವರ್ಷಕ್ಕೆ 10 ಲಕ್ಷ ದಾಟುವವರೆಗೆ ಇಲ್ಲ. ನಮಗೆ ಒಂದು ರೂಪಾಯಿ ಹಿಡಿಯಲಿಲ್ಲ.

ವೀಸಾ ಕೆಲಸ ಇದಕ್ಕೆ ಹೋಲಿಸಿದರೆ ಸುಲಭ. ಓದಿನ ದಾಖಲೆಗಳು ಅಸಲಿ ಎಂದು ಜರ್ಮನಿಯವರು ನೋಡಿ ಕೊಡುವ ಎಪಿಎಸ್ ಸರ್ಟಿಫಿಕೇಟನ್ನು ಮಗಳು ಹಿಂದಿನ ವರ್ಷವೇ 18,000 ರೂಪಾಯಿ ಕಟ್ಟಿ ಮಾಡಿಸಿದ್ದಳು. 2022ರ ನವೆಂಬರಿನಿಂದ ಭಾರತದ ಮಕ್ಕಳಿಗೆ ಅದಿಲ್ಲದೆ ಅರ್ಜಿಯೇ ಇಲ್ಲ. ಆಗಸ್ಟಿನಲ್ಲಿ ಕಾಸರಗೋಡಿನಿಂದ ರಾತ್ರಿ ರೈಲು ಹತ್ತಿ ಕೊಚ್ಚಿಗೆ ಹೋದೆವು. ವೀಸಾ ಫೀಸು 75 ಯೂರೋ, ರೂಪಾಯಿಯಲ್ಲಿ ಕಟ್ಟಿದ್ದು. ಬೆರಳಚ್ಚು ಕೊಟ್ಟು ಹೊರಬರುವಾಗ ಹನ್ನೊಂದು ಗಂಟೆ. ಸೆಪ್ಟೆಂಬರ್ ಮೂರನೇ ವಾರ ಪಾಸ್‌ಪೋರ್ಟು ಮನೆಗೆ ಬಂತು.

ಮಂಜೂರಾದಾಗಿನ ದರದಲ್ಲಿ ತಿಂಗಳಿಗೆ ಬರುವ ಬಡ್ಡಿ ಸುಮಾರು 8,300 ರೂಪಾಯಿ. ಕಟ್ಟಲೇಬೇಕೆಂದಿಲ್ಲ. ಆದರೆ ಕಟ್ಟದಿದ್ದರೆ ಕಂತು ಸುರುವಾಗುವ ಹೊತ್ತಿಗೆ ಈ ಮೊದಲ ವರ್ಷದ ಹಣಕ್ಕೇ 3 ಲಕ್ಷದಷ್ಟು ಬಡ್ಡಿ ಕೂಡಿ ಅಸಲಿಗೆ ಸೇರುತ್ತದೆ. ಹಾಗಾಗಿ ಕಟ್ಟುತ್ತಿದ್ದೇವೆ, ಹೊಲಿಗೆಯ ಹಣದಿಂದ ಅರ್ಧ, ತೋಟದಿಂದ ಅರ್ಧ. ಪೂರ್ತಿ 18 ಲಕ್ಷ ತೆಗೆದು ಹತ್ತು ವರ್ಷಕ್ಕೆ ಹಂಚಿದರೆ ಅದೇ ಬಡ್ಡಿಯಲ್ಲಿ ಕಂತು 23,500 ರೂಪಾಯಿ ಆಗುತ್ತದೆ. ಅಷ್ಟು ತೆಗೆಯುವ ಸಂದರ್ಭ ಬರಲಾರದು ಎಂದು ಮಗಳು ಹೇಳುತ್ತಾಳೆ. ಅಲ್ಲಿ ಓದುವವರು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ಅವಳು ವಾರಕ್ಕೆ ಎರಡು ದಿನ ಲ್ಯಾಬಿನಲ್ಲಿ ದುಡಿಯುತ್ತಿದ್ದಾಳೆ. ಕಟ್ಟಿದ ಬಡ್ಡಿಯನ್ನು ಆದಾಯದಿಂದ ಕಳೆಯುವ ತೆರಿಗೆ ಸೌಲಭ್ಯ ಸಂಬಳದವರಿಗೆ ಒಳ್ಳೆಯದು, ಹಳೆಯ ತೆರಿಗೆ ಪದ್ಧತಿಯಲ್ಲಿ ಎಂಟು ವರ್ಷ ಸಿಗುತ್ತದೆ. ಬರೀ ಕೃಷಿ ಆದಾಯದ ನಮ್ಮಂಥವರಿಗೆ ಅದರಿಂದ ಏನಿಲ್ಲ.

ಕಾಗದ ಬ್ಯಾಂಕಿಗೆ ಕೊಡುವ ದಿನ ನನಗೆ ಊಟ ಸೇರಲಿಲ್ಲ. ಪಟ್ಟಯ, ಪಾಲುಪಟ್ಟಿ ಎರಡೂ ಕೈಬಿಟ್ಟು ಹೋಗುವುದು. ಮೇಡಂ ಒಂದೊಂದು ಹಾಳೆ ಎಣಿಸಿ, ಪಟ್ಟಿ ಬರೆದು, ಸೀಲು ಹಾಕಿ ಕೊಟ್ಟರು. ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ಹಿಂದೆ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಬ್ಯಾಂಕೇ ನಮಗೆ ಕೊಡಬೇಕು ಎಂದು 2023ರ ಡಿಸೆಂಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ. ಮೊದಲೇ ತೀರಿಸಿದರೂ ದಂಡವಿಲ್ಲ. ಆ ಸೀಲು ಹಾಕಿದ ಪಟ್ಟಿಯನ್ನು ಈಗ ಟ್ರಂಕಿನೊಳಗೆ ಅದೇ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ವಕೀಲರು, ಜಾಗದ ಬೆಲೆ ಕಟ್ಟಿದ ಇಂಜಿನಿಯರು, ಅನುವಾದ, ನೋಟರಿ, ಸರ್ಟಿಫಿಕೇಟುಗಳು ಎಲ್ಲ ಸೇರಿ ನನಗೆ ತಗಲಿದ ಖರ್ಚು 21,400 ರೂಪಾಯಿ. ಎರಡನೇ ವರ್ಷದ ಹಣಕ್ಕೆ ಮಗಳ ಅಂಕಪಟ್ಟಿ ಕೊಡಬೇಕಂತೆ, ವೀಸಾ ವಿಸ್ತರಣೆಗೂ ಖಾತೆಯಲ್ಲಿ ಹಣ ತೋರಿಸಬೇಕಂತೆ. ಅದನ್ನು ಬ್ಯಾಂಕು ಎಷ್ಟು ದಿನದಲ್ಲಿ ಮಾಡಿಕೊಡುತ್ತದೆ ಎಂದು ನೋಡಿ ಮತ್ತೆ ಬರೆಯುತ್ತೇನೆ.